ಮಹಾಮಾರಿ ಮುಗಿದು ವರ್ಷಗಳಾದವು, ಮಗಳ ಮೌನ ಮುಗಿದಿಲ್ಲ. ಕೇಳಬೇಕೋ, ಸುಮ್ಮನಿರಬೇಕೋ?

ಪ್ರಶ್ನೆ: ನನ್ನ ಮಗಳಿಗೀಗ ಹದಿನಾರು. ಕೋವಿಡ್ ಬಂದು ಶಾಲೆ ಮುಚ್ಚಿದಾಗ ಐದನೇ ತರಗತಿಯಲ್ಲಿದ್ದಳು. ಅದಾದ ಮೇಲೆ ಒಂದೂವರೆ ವರ್ಷ ಮನೆಯಲ್ಲೇ ಕಳೆದಳು. ಅದೇ ಸಮಯದಲ್ಲಿ ಅವಳನ್ನು ಎತ್ತಿ ಆಡಿಸಿದ ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡರು, ಕೊನೆಗೊಮ್ಮೆ ಮುಖ ನೋಡಲೂ ಆಗಲಿಲ್ಲ. ಆಗ ಅವಳು ಹೆಚ್ಚು ಅಳಲಿಲ್ಲ, ಗಟ್ಟಿ ಮನಸ್ಸಿನ ಹುಡುಗಿ ಅಂದುಕೊಂಡೆವು. ಈಗ ಸುಮಾರು ಒಂದು ವರ್ಷದಿಂದ ಕೋಣೆ ಬಿಟ್ಟು ಬರುವುದಿಲ್ಲ. ರಾತ್ರಿ ಬಹಳ ಹೊತ್ತು ಎಚ್ಚರವಿರುತ್ತಾಳೆ. ಗೆಳತಿಯರ ಜೊತೆ ಮಾತಿಲ್ಲ. ಮೊನ್ನೆ ಅಂಕಗಳ ವಿಷಯಕ್ಕೆ ಮಾತಿಗೆ ಮಾತು ಬೆಳೆದು, "ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ" ಅಂದುಬಿಟ್ಟಳು. ಈ ವಯಸ್ಸಿನವರು ಹಾಗೇ, ಕೆದಕಬೇಡ ಎನ್ನುತ್ತಾರೆ ನನ್ನ ಗಂಡ. ಆ ವರ್ಷಗಳ ಪರಿಣಾಮ ಇಷ್ಟು ತಡವಾಗಿ ಕಾಣಿಸಬಹುದೇ? ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ, ಇಲ್ಲದ್ದನ್ನು ತಲೆಗೆ ತುಂಬಿದಂತಾಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು, ಇದನ್ನು ಮುಂದೂಡುವಂತಿಲ್ಲ.

ಕೇಳಿ. ಇವತ್ತೇ ಕೇಳಿ. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯ ಹೆತ್ತವರಿಗೆಲ್ಲ ಇದೆ, ಎಷ್ಟೋ ಶಿಕ್ಷಕರಿಗೂ ವೈದ್ಯರಿಗೂ ಇದೆ. ಹದಿಹರೆಯದವರನ್ನು ಸೇರಿಸಿಕೊಂಡೇ ಇದನ್ನು ಹಲವು ಅಧ್ಯಯನಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಕೇಳಿದ್ದರಿಂದ ಯೋಚನೆ ಹೆಚ್ಚಾದದ್ದು ಕಂಡುಬಂದಿಲ್ಲ. ಮೊದಲೇ ಸಂಕಟದಲ್ಲಿದ್ದ ಮಕ್ಕಳಿಗೆ, ಯಾರೋ ಕೇಳಿದರಲ್ಲ ಎಂದು ತುಸು ಹಗುರಾದದ್ದೂ ಉಂಟು. ಅದಿರಲಿ, ನಿಮ್ಮ ಮನೆಯಲ್ಲಿ ಆ ಮಾತನ್ನು ಶುರು ಮಾಡಿದವಳು ಅವಳೇ. ನೀವು ಅದನ್ನು ಮುಂದುವರಿಸಬೇಕು, ಅಷ್ಟೆ.

ಅಂಕ, ಮೊಬೈಲು, ನಿದ್ದೆ ಯಾವುದರ ಜಗಳವೂ ನಡೆಯದ ಹೊತ್ತು ನೋಡಿಕೊಳ್ಳಿ. ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡುವುದಕ್ಕಿಂತ ಜೊತೆಯಲ್ಲಿ ನಡೆಯುವಾಗಲೋ, ದೀಪ ಆರಿಸಿ ಪಕ್ಕದಲ್ಲಿ ಮಲಗಿದಾಗಲೋ ಈ ವಯಸ್ಸಿನ ಮಕ್ಕಳಿಗೆ ಮಾತು ಸಲೀಸು. "ನಾನಿಲ್ಲದಿದ್ದರೆ ಅಂತ ಮೊನ್ನೆ ಅಂದೆಯಲ್ಲ, ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಸತ್ತುಹೋಗಬೇಕು ಅಂತ ನಿನಗೆ ಯಾವಾಗಲಾದರೂ ಅನ್ನಿಸುತ್ತಾ?" ಹೀಗೆ ನೇರವಾಗಿ ಕೇಳಿ. "ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೆ?" ಎಂದು ಕೇಳಿದರೆ ಅವಳು ಇಲ್ಲ ಎಂದೇ ಹೇಳುತ್ತಾಳೆ, ನಿಮಗೆ ಬೇಕಾದ ಉತ್ತರ ಅದೇ ಎಂದು ಅವಳಿಗೆ ಗೊತ್ತಾಗಿರುತ್ತದೆ. ಹೌದು ಅಂದರೆ ಅಲ್ಲಿಗೆ ನಿಲ್ಲಿಸಬೇಡಿ. ಯಾವಾಗಿನಿಂದ, ಎಷ್ಟು ಸಲ, ಹೇಗೆ ಮಾಡಿಕೊಳ್ಳಬೇಕೆಂದು ಯೋಚಿಸಿದ್ದಾಳಾ, ಹಿಂದೆ ತನಗೆ ತಾನೇ ನೋವು ಮಾಡಿಕೊಂಡದ್ದಿದೆಯಾ ಎಂಬುದನ್ನೂ ಕೇಳಿ. ನಿಮ್ಮ ಕಣ್ಣು ತುಂಬಿದರೆ ತುಂಬಲಿ, ಅದರಿಂದ ಅವಳಿಗೆ ಹಾನಿಯಿಲ್ಲ. ಹಾನಿ ಇರುವುದು ಬೈಗುಳದಲ್ಲಿ, ಆಣೆ ಹಾಕಿಸಿಕೊಳ್ಳುವುದರಲ್ಲಿ, "ನಿನಗೇನು ಕಡಿಮೆ ಮಾಡಿದ್ದೇವೆ" ಎಂಬ ಮಾತಿನಲ್ಲಿ. ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಬೇಡಿ. ಅದನ್ನು ಮುರಿಯಲೇಬೇಕಾಗುತ್ತದೆ.

ಹೇಗೆ ಎಂದು, ಯಾವಾಗ ಎಂದು ಅವಳು ಯೋಚಿಸಿದ್ದರೆ ಅದು ತುರ್ತು. ಒಬ್ಬಳನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಭಾರತದಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಬೇರೆ ದೇಶಗಳಲ್ಲಿರುವವರು ಅಲ್ಲಿನ ಸಹಾಯವಾಣಿಯ ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಯೋಚನೆ ಬರುತ್ತದೆ, ಅದಕ್ಕಿಂತ ಮುಂದೆ ಹೋಗಿಲ್ಲ ಎಂದು ಅವಳು ಹೇಳಿದರೂ ಈ ವಾರದೊಳಗೆ ಮನೋವೈದ್ಯರನ್ನು ಕಾಣಬೇಕು. ಅವಳ ಉತ್ತರ ಏನೇ ಆಗಿರಲಿ, ಮನೆಯಲ್ಲಿರುವ ಮಾತ್ರೆಗಳು, ವಿಷಕಾರಿ ವಸ್ತುಗಳು, ಅಪಾಯ ತರಬಲ್ಲ ಇನ್ನೇನೇ ಇದ್ದರೂ ಬೀಗದೊಳಗೆ ಸೇರಲಿ. ಇದೊಂದು ಸಣ್ಣ ಕೆಲಸ ಎನಿಸುತ್ತದೆ. ಆದರೆ ಹರೆಯದವರಲ್ಲಿ ತೀವ್ರವಾದ ಆ ಗಳಿಗೆ ಬಹುಮಟ್ಟಿಗೆ ಚಿಕ್ಕದು. ಎಷ್ಟೋ ಸಲ ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ ಕೆಲವೇ ನಿಮಿಷಗಳಿರುತ್ತವೆ. ಆಗ ಕೈಗೆ ಏನೂ ಸಿಗದಿದ್ದರೆ ಆ ಗಳಿಗೆ ಕಳೆದುಹೋಗುತ್ತದೆ, ಮಗು ಉಳಿಯುತ್ತದೆ. ಆತ್ಮಹತ್ಯೆ ತಡೆಗೆ ಇರುವ ಕ್ರಮಗಳಲ್ಲಿ ಬಲವಾದ ಪುರಾವೆ ಇರುವುದು ಇದಕ್ಕೇ.

ಇನ್ನು ಆ ವರ್ಷಗಳ ವಿಷಯ. ತಡವಾಗಿ ಕಾಣಿಸಬಹುದೇ ಎಂದಿರಿ. ಕಾಣಿಸಬಹುದು. ಈ ಮಹಾಮಾರಿಯ ಕಾಲದಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ನಾವು ಕಂಡುಕೊಂಡದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನನ್ನ ಮಟ್ಟಿಗೆ ಇದೇ: ಅಪಾಯವು ರೋಗದ ಅಲೆಯ ಜೊತೆಗೇ ಏರಿ ಜೊತೆಗೇ ಇಳಿಯಲಿಲ್ಲ. ದೊಡ್ಡವರು ಅಂತೂ ಮುಗಿಯಿತು ಎಂದು ನಿಟ್ಟುಸಿರು ಬಿಟ್ಟ ಮೇಲೆ ಎಷ್ಟೋ ಮಕ್ಕಳ ಕಷ್ಟ ಮೇಲೆ ಬಂತು.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಮಹಾಮಾರಿ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಏಪ್ರಿಲ್ ಹೊತ್ತಿಗೆ ಜಗತ್ತಿನ ಸುಮಾರು 160 ಕೋಟಿ ವಿದ್ಯಾರ್ಥಿಗಳು ಶಾಲೆ ಕಾಲೇಜಿನಿಂದ ಹೊರಗಿದ್ದರು ಎಂದು ಯುನೆಸ್ಕೋ ಲೆಕ್ಕ ಹಾಕಿತು. ಆತ್ಮಹತ್ಯೆಗಳು ಕೂಡಲೇ ಏರುತ್ತವೆ ಎಂದು ಎಲ್ಲರೂ ಹೆದರಿದ್ದರು. ಹಾಗಾಗಲಿಲ್ಲ. 21 ದೇಶಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, 2020ರ ಏಪ್ರಿಲ್‌ನಿಂದ ಜುಲೈವರೆಗೆ ಎಲ್ಲ ವಯಸ್ಸಿನವರ ಆತ್ಮಹತ್ಯೆಯ ಪ್ರಮಾಣ ಹೆಚ್ಚಿನ ಕಡೆ ಮೊದಲಿನಷ್ಟೇ ಇತ್ತು ಅಥವಾ ಇಳಿದಿತ್ತು. ಆ ದೇಶಗಳು ಹೆಚ್ಚಾಗಿ ಶ್ರೀಮಂತ ದೇಶಗಳು ಎಂಬುದನ್ನು ಮರೆಯಬಾರದು. ಆದರೂ ಅದು ಸಮಾಧಾನದ ಸುದ್ದಿಯಾಗಿತ್ತು, ಬಹಳ ಮಂದಿ ಅಲ್ಲಿಗೇ ನಿಂತುಬಿಟ್ಟರು.

ಮುಂದೇನಾಯಿತು ಎಂಬುದನ್ನು ಜಪಾನ್ ಸ್ಪಷ್ಟವಾಗಿ ತೋರಿಸಿತು. ಅಲ್ಲಿ 2020ರ ಫೆಬ್ರವರಿಯಿಂದ ಜೂನ್‌ವರೆಗೆ ಆತ್ಮಹತ್ಯೆ ಶೇ. 14ರಷ್ಟು ಇಳಿಯಿತು. ಜುಲೈನಿಂದ ಅಕ್ಟೋಬರ್‌ವರೆಗೆ ಶೇ. 16ರಷ್ಟು ಏರಿತು. ಆ ಏರಿಕೆಯನ್ನು ಬಿಡಿಸಿ ನೋಡಿದರೆ ಹೆಂಗಸರಲ್ಲಿ ಶೇ. 37, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 49. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಂಕಿಗಳೂ ಇದೇ ದಿಕ್ಕಿನಲ್ಲಿವೆ. ಆತ್ಮಹತ್ಯೆಗೆ ಯತ್ನಿಸಿರಬಹುದೆಂಬ ಶಂಕೆಯಲ್ಲಿ ತುರ್ತು ವಿಭಾಗಕ್ಕೆ ಬಂದ 12ರಿಂದ 17 ವರ್ಷದ ಹುಡುಗಿಯರ ಸಂಖ್ಯೆ, 2021ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗಿನ ನಾಲ್ಕು ವಾರಗಳಲ್ಲಿ, 2019ರ ಅದೇ ವಾರಗಳಿಗಿಂತ ಶೇ. 50.6ರಷ್ಟು ಹೆಚ್ಚಿತ್ತು. ಹುಡುಗರಲ್ಲಿ ಹೆಚ್ಚಳ ಶೇ. 3.7 ಮಾತ್ರ. ಇವು ಆಸ್ಪತ್ರೆಗೆ ಬಂದವರ ಲೆಕ್ಕ, ಸಾವಿನ ಲೆಕ್ಕವಲ್ಲ. ಆದರೂ ಶಾಲೆ ಮುಚ್ಚಿ ವರ್ಷ ತುಂಬಿದ ಹೊತ್ತಿಗೆ ಹುಡುಗಿಯರು ಎಂಥ ಸ್ಥಿತಿಗೆ ಬಂದಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸೂಚನೆ ಬೇಡ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಮಕ್ಕಳ ವೈದ್ಯರ, ಮಕ್ಕಳ ಮನೋವೈದ್ಯರ ಮತ್ತು ಮಕ್ಕಳ ಆಸ್ಪತ್ರೆಗಳ ಸಂಘಟನೆಗಳು ಮಕ್ಕಳ ಮಾನಸಿಕ ಆರೋಗ್ಯದಲ್ಲಿ ರಾಷ್ಟ್ರೀಯ ತುರ್ತು ಪರಿಸ್ಥಿತಿ ಇದೆ ಎಂದು ಒಟ್ಟಾಗಿ ಸಾರಿದವು.

ತಡವಾದದ್ದು ಏಕೆ? ದೊಡ್ಡ ಆಪತ್ತು ಬಂದ ಹೊಸದರಲ್ಲಿ ಜನ ಒಬ್ಬರಿಗೊಬ್ಬರು ಒತ್ತಾಗಿ ನಿಲ್ಲುತ್ತಾರೆ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿ, ಪರೀಕ್ಷೆ ಇಲ್ಲ, ಎಲ್ಲರ ಕಷ್ಟವೂ ಒಂದೇ. ಕೆಲವು ಮಕ್ಕಳಿಗೆ ಅದು ನಿಜವಾಗಿಯೂ ಬಿಡುಗಡೆಯಾಗಿತ್ತು. ಶಾಲೆಯಲ್ಲಿ ಗೇಲಿಗೆ, ಹೊಡೆತಕ್ಕೆ ಸಿಕ್ಕುತ್ತಿದ್ದವರು, ಜನರ ನಡುವೆ ನಡುಗುವವರು, ನಿದ್ದೆ ಸಾಲದೆ ಒದ್ದಾಡುತ್ತಿದ್ದವರು ಮೊದಲ ತಿಂಗಳುಗಳಲ್ಲಿ ಚೇತರಿಸಿಕೊಂಡರು. ಅಮೆರಿಕದಲ್ಲಿ ಹದಿಹರೆಯದವರ ಆತ್ಮಹತ್ಯೆ ಬೇಸಿಗೆ ರಜೆಯಲ್ಲಿ ಇಳಿದು ಶಾಲೆಯ ತಿಂಗಳುಗಳಲ್ಲಿ ಏರುವುದು ಹಿಂದಿನಿಂದಲೂ ಇದೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಅದು ಇಳಿಯಿತು, ಮಕ್ಕಳು ತರಗತಿಗೆ ಮರಳಿದಾಗ ಏರಿತು. ಇದರಿಂದ ಶಾಲೆಯೇ ಕೆಟ್ಟದ್ದು ಎಂದು ತೀರ್ಮಾನಿಸಬಾರದು. ಮರಳಿ ಹೋಗುವ ಕಾಲವೇ ಅಪಾಯದ ಕಾಲ ಎಂಬುದು ಇದರ ಅರ್ಥ. ಪಾಠ ಹಿಂದೆ ಬಿದ್ದಿದೆ, ಗೆಳೆಯರ ಗುಂಪು ಬದಲಾಗಿದೆ, ಮೈ ಬದಲಾಗಿದೆ, ಮತ್ತೆ ಎಲ್ಲರೆದುರು ನಿಲ್ಲಬೇಕು. ಮನೆಯವರೋ, ಎಲ್ಲ ಸರಿಯಾಯಿತಲ್ಲ ಎಂದು ನಿರೀಕ್ಷೆಯನ್ನು ಹಳೆಯ ಮಟ್ಟಕ್ಕೆ ಏರಿಸಿರುತ್ತಾರೆ.

ಒಂಟಿತನಕ್ಕೆ ಇನ್ನೊಂದು ಗುಣವಿದೆ. ಮಕ್ಕಳ ಒಂಟಿತನದ ಬಗ್ಗೆ ಕೋವಿಡ್‌ಗೆ ಮೊದಲು ನಡೆದಿದ್ದ 60ಕ್ಕೂ ಹೆಚ್ಚು ಅಧ್ಯಯನಗಳನ್ನು 2020ರಲ್ಲಿ ಒಟ್ಟುಗೂಡಿಸಿ ನೋಡಿದರು. ಒಂಟಿತನಕ್ಕೂ ಮುಂದೆ ಬರುವ ಖಿನ್ನತೆಗೂ ನಂಟು ಒಂಬತ್ತು ವರ್ಷಗಳವರೆಗೂ ಕಾಣಿಸಿತು. ಒಂಟಿತನ ಎಷ್ಟು ತೀವ್ರವಾಗಿತ್ತು ಎನ್ನುವುದಕ್ಕಿಂತ ಎಷ್ಟು ಕಾಲ ಇತ್ತು ಎನ್ನುವುದು ಹೆಚ್ಚು ಮುಖ್ಯವಾಗಿತ್ತು. ನಿಮ್ಮ ಮಗಳ ಒಂದೂವರೆ ವರ್ಷವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹತ್ತು ಹನ್ನೊಂದರಿಂದ ಹನ್ನೆರಡು ಹದಿಮೂರರವರೆಗಿನ ಕಾಲ ಮಕ್ಕಳು ಮನೆಯಿಂದ ಒಂದು ಹೆಜ್ಜೆ ಹೊರಗಿಟ್ಟು ಗೆಳೆತನ ಕಲಿಯುವ ಕಾಲ. ಜಗಳವಾಡಿ ಮತ್ತೆ ಸೇರುವುದು, ಗುಟ್ಟು ಹೇಳುವುದು, ಗುಂಪಿನಲ್ಲಿ ತನ್ನ ಜಾಗ ಹುಡುಕಿಕೊಳ್ಳುವುದು ಇವೆಲ್ಲ ದಿನದಿನದ ಒಡನಾಟದಲ್ಲಿ ಬರುವಂಥವು, ಪರದೆಯ ಮೇಲಿನ ತರಗತಿ ಇವನ್ನು ಕಲಿಸಲಾರದು. ಹದಿಮೂರು ಹದಿನಾಲ್ಕರಲ್ಲಿ ಗೆಳೆತನ ಜಟಿಲವಾದಾಗ ಅವಳ ಕೈಯಲ್ಲಿ ಅದನ್ನು ನಿಭಾಯಿಸುವ ಅಭ್ಯಾಸ ಇರಲಿಲ್ಲ. ಕೋಣೆಯೊಳಗೆ ಇರುವುದು ಮಾತ್ರ ಅಭ್ಯಾಸವಾಗಿತ್ತು.

ಇದನ್ನೆಲ್ಲ ಓದಿ ಇಡೀ ಒಂದು ತಲೆಮಾರೇ ಹಾಳಾಯಿತು ಎಂದುಕೊಳ್ಳಬೇಡಿ, ಅದು ಸುಳ್ಳು. 80,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ 29 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಗಮನಾರ್ಹ ಮಟ್ಟದ ಖಿನ್ನತೆಯ ಲಕ್ಷಣಗಳು ಶೇ. 25.2 ಮಕ್ಕಳಲ್ಲಿ, ಆತಂಕದ ಲಕ್ಷಣಗಳು ಶೇ. 20.5 ಮಕ್ಕಳಲ್ಲಿ ಇದ್ದವು. ಕೋವಿಡ್‌ಗೆ ಮೊದಲಿನ ಅಂದಾಜಿಗಿಂತ ಇದು ಹೆಚ್ಚುಕಡಿಮೆ ಇಮ್ಮಡಿ. ಅಂದರೂ ನಾಲ್ವರಲ್ಲಿ ಮೂವರಿಗೆ ಆ ಮಟ್ಟದ ಖಿನ್ನತೆ ಇರಲಿಲ್ಲ. ಲಕ್ಷಣ ಇದ್ದವರಲ್ಲೂ ಬಹುಪಾಲು ಮಕ್ಕಳು ಪ್ರಾಣಕ್ಕೆ ಅಪಾಯ ತಂದುಕೊಳ್ಳುವವರಲ್ಲ. ಹೊರೆ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ, ಅಷ್ಟೆ. ಮೊದಲೇ ಮನಸ್ಸಿನ ತೊಂದರೆ ಇದ್ದವರು, ಆಟಿಸಂನಂಥ ಸ್ಥಿತಿಯಿಂದ ದಿನಚರಿಯನ್ನೇ ನೆಚ್ಚಿಕೊಂಡವರು, ಮನೆಯಲ್ಲಿ ಹೊಡೆತ ಬಡಿತ ಕಾಣುತ್ತಿದ್ದವರು ಹೆಚ್ಚು ನೊಂದರು. ಮಗುವಿನ ಮೈಮೇಲಿನ ಗಾಯವನ್ನೋ ಮುಖದ ಬಾಡಿದ ಬಣ್ಣವನ್ನೋ ಮೊದಲು ಗುರುತಿಸುವವರು ಸಾಮಾನ್ಯವಾಗಿ ಶಿಕ್ಷಕರು. ಆ ಕಣ್ಣುಗಳು ಎಷ್ಟೋ ತಿಂಗಳು ಇಲ್ಲವಾದವು. ಮತ್ತೆ, ಮನೆಯವರನ್ನು ಕಳೆದುಕೊಂಡ ಮಕ್ಕಳಿದ್ದಾರೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಜ್ಜಿಯ ವಿಷಯವೇ.

2020ರ ಮಾರ್ಚ್‌ನಿಂದ 2021ರ ಏಪ್ರಿಲ್‌ವರೆಗೆ ಜಗತ್ತಿನಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳು ತಮ್ಮನ್ನು ನೋಡಿಕೊಳ್ಳುತ್ತಿದ್ದವರನ್ನು ಕಳೆದುಕೊಂಡರು ಎಂದು ಸಂಶೋಧಕರು ಅಂದಾಜು ಮಾಡಿದರು. ಆ ಲೆಕ್ಕದಲ್ಲಿ ಅಪ್ಪ ಅಮ್ಮಂದಿರ ಜೊತೆಗೆ, ಮನೆಯಲ್ಲೇ ಇದ್ದು ಮಕ್ಕಳನ್ನು ಸಾಕುತ್ತಿದ್ದ ಅಜ್ಜ ಅಜ್ಜಿಯರೂ ಸೇರಿದ್ದಾರೆ. ಸೇರಿಸಿದ್ದು ಸರಿ. ಹತ್ತು ವರ್ಷದ ಮಗುವಿಗೆ ಬೆಳಿಗ್ಗೆ ತಲೆ ಬಾಚಿದವರೇ ಲೋಕ. ಅಜ್ಜಿಗೆ ವಯಸ್ಸಾಗಿತ್ತು ಎಂಬ ಸಮಾಧಾನ ದೊಡ್ಡವರಿಗೆ ಸಾಲುತ್ತದೆ, ಮಗುವಿಗೆ ಸಾಲುವುದಿಲ್ಲ.

ಅವಳು ಅಳಲಿಲ್ಲ ಎಂದಿರಿ. ಆ ದಿನಗಳಲ್ಲಿ ಮನೆಯವರೆಲ್ಲ ಹೆದರಿ ಕಂಗಾಲಾಗಿದ್ದಾಗ, ತಾನೂ ಅತ್ತರೆ ಅಮ್ಮನಿಗೆ ತಡೆಯಲಾಗದು ಎಂದು ಒಳಗೇ ನುಂಗಿಕೊಂಡ ಮಕ್ಕಳು ಬಹಳ. ಕೊನೆಯ ಮುಖ ನೋಡದೆ, ನೆಂಟರು ಸೇರದೆ, ನಾಲ್ಕು ಜನ ಕೂತು ಹಳೆಯದನ್ನು ನೆನೆದು ಅಳದೆ ಹೋದರೆ, ಹೋದವರು ಹೋದರು ಎಂಬುದು ಮಗುವಿನ ಮನಸ್ಸಿಗೆ ಪೂರ್ತಿ ಇಳಿಯುವುದೇ ಇಲ್ಲ. ಇನ್ನೊಂದು ಸಾಧ್ಯತೆಯೂ ಇದೆ, ಅದನ್ನು ನೀವು ಮೆಲ್ಲಗೆ ಕೇಳಿ ನೋಡಲೇಬೇಕು. ಮಕ್ಕಳಿಂದ ಹಿರಿಯರಿಗೆ ಸೋಂಕು ತಗಲುತ್ತದೆ ಎಂದು ಆಗ ಎಲ್ಲ ಕಡೆ ಹೇಳುತ್ತಿದ್ದರು. ಅಜ್ಜಿಯ ಹತ್ತಿರ ಹೋಗಬೇಡ ಎಂದು ಎಷ್ಟೋ ಮನೆಗಳಲ್ಲಿ ಗದರಿದ್ದುಂಟು. ಒಮ್ಮೆ ಕದ್ದು ಹೋಗಿ ತಬ್ಬಿಕೊಂಡಿದ್ದ ಮಗು, ಆಮೇಲೆ ಅಜ್ಜಿ ತೀರಿಕೊಂಡಾಗ, ನಾನೇ ತಂದೆನಾ ಎಂದು ಯಾರನ್ನು ಕೇಳಬೇಕು? ಆ ವಯಸ್ಸಿನ ಮಕ್ಕಳು ಮನೆಯಲ್ಲಿ ಆದ ಕೆಟ್ಟದ್ದಕ್ಕೆಲ್ಲ ತಾವೇ ಕಾರಣ ಎಂದು ಸುಲಭವಾಗಿ ನಂಬುತ್ತಾರೆ. "ಅಜ್ಜಿ ಹೋದಾಗ ನಿನ್ನ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಕೇಳಲೇ ಇಲ್ಲ" ಎಂದು ಶುರು ಮಾಡಿ. ನನ್ನಿಂದಲೇ ಆಯಿತು ಎಂಬ ಮಾತು ಬಂದರೆ, ಕೂಡಲೇ ಇಲ್ಲ ಎಂದು ಬಾಯಿ ಮುಚ್ಚಿಸಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ, ವೈರಸ್ ಯಾರಿಂದ ಬಂತು ಎಂದು ಹೇಳಲು ಯಾರಿಗೂ ಆಗದು, ಹತ್ತು ವರ್ಷದ ಮಗು ಅಜ್ಜಿಯನ್ನು ಪ್ರೀತಿಸಿದ್ದು ತಪ್ಪಲ್ಲ ಎಂದು ಬಿಡಿಸಿ ಹೇಳಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ಅವಳು ಮೊನ್ನೆ ಆಡಿದ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ ಆತ್ಮಹತ್ಯೆಯ ಬಯಕೆಯ ಹಿಂದೆ ಎರಡು ಭಾವನೆಗಳನ್ನು ಗುರುತಿಸಿದ್ದಾರೆ. ನಾನು ಯಾರಿಗೂ ಸೇರಿದವಳಲ್ಲ ಎಂಬುದು ಒಂದು, ನಾನು ಎಲ್ಲರಿಗೂ ಭಾರ ಎಂಬುದು ಇನ್ನೊಂದು. ಎರಡೂ ಕೂಡಿ, ಇದು ಎಂದೂ ಬದಲಾಗದು ಎನಿಸಿದಾಗ ಅಪಾಯ ಹೆಚ್ಚು. ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ ಎನ್ನುವ ಹುಡುಗಿ ನಿಮ್ಮನ್ನು ಹೆದರಿಸುತ್ತಿಲ್ಲ. ತಾನು ಭಾರ ಎಂದು ಅವಳು ನಂಬಿದ್ದಾಳೆ. ಕೆಲಸ ಹೋದ, ಸಾಲ ಬೆಳೆದ, ಕಾಯಿಲೆ ಬಿದ್ದ ಮನೆಗಳಲ್ಲಿ ಮಹಾಮಾರಿಯ ಕಾಲಕ್ಕೆ ಈ ನಂಬಿಕೆ ಎಷ್ಟೋ ಮಕ್ಕಳಲ್ಲಿ ಬೇರೂರಿತು, ಯಾರೂ ಬಾಯಿಬಿಟ್ಟು ಹೇಳದಿದ್ದರೂ. ಅದಕ್ಕೇ ಅಂಕದ ಮಾತನ್ನು ಸದ್ಯಕ್ಕೆ ಪೂರ್ತಿ ಬದಿಗಿಡಿ ಎನ್ನುತ್ತೇನೆ. ಮನೆಯಲ್ಲಿ ಅವಳಿಂದ ಆಗುವ, ಅವಳು ಇಷ್ಟಪಟ್ಟು ಮಾಡುವ ಒಂದು ಕೆಲಸ ಅವಳದೇ ಆಗಿರಲಿ. ಅದಕ್ಕೆ ನಿಮಗೆ ಅವಳು ಬೇಕು ಎಂಬುದು ಅವಳಿಗೆ ಕಾಣಲಿ.

ನಿಮ್ಮ ಗಂಡನ ಮಾತಿನಲ್ಲಿ ಅರ್ಧ ನಿಜವಿದೆ. ಈ ವಯಸ್ಸಿನವರು ಬಾಗಿಲು ಹಾಕಿಕೊಳ್ಳುತ್ತಾರೆ, ಸಿಡುಕುತ್ತಾರೆ, ಹೊತ್ತು ಮೀರಿ ಎಚ್ಚರವಿರುತ್ತಾರೆ. ಆದರೆ ಹರೆಯದ ಸಿಡುಕು ಬಂದು ಹೋಗುವಂಥದ್ದು. ಮನೆಯಲ್ಲಿ ಮುಖ ಗಂಟಿಕ್ಕಿದವಳು ಗೆಳತಿಯ ಫೋನು ಬಂದರೆ ನಗುತ್ತಾಳೆ. ನಿಮ್ಮ ಮಗಳು ಗೆಳತಿಯರನ್ನೂ ಬಿಟ್ಟಿದ್ದಾಳೆ, ನಿದ್ದೆ ಕೆಟ್ಟಿದೆ, ಇದು ವರ್ಷದಿಂದ ನಡೆದಿದೆ, ಮೇಲೆ ಸಾವಿನ ಸುಳಿವು ಕೊಡುವ ಮಾತು ಬಂದಿದೆ. ಇಷ್ಟೂ ಸೇರಿದರೆ ಅದು ವಯಸ್ಸಿನ ಸ್ವಭಾವವಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಅವರಿಗೆ ಈ ಉತ್ತರವನ್ನೇ ಓದಿಸಿ. ತಂದೆ ಕೇಳುವ ಒಂದು ಪ್ರಶ್ನೆಯ ತೂಕವೂ ದೊಡ್ಡದು. ಇಷ್ಟವಾದ ವಸ್ತುಗಳನ್ನು ಹಂಚಿಬಿಡುವುದು, ವಿದಾಯ ಹೇಳಿದಂತೆ ಬರೆಯುವುದು, ಬಹಳ ದಿನ ಕುಗ್ಗಿದ್ದವಳು ಕಾರಣವಿಲ್ಲದೆ ಒಮ್ಮೆಲೇ ಶಾಂತವಾಗುವುದು ಕಂಡರೆ ಇಬ್ಬರೂ ಅದೇ ಗಳಿಗೆ ಎಚ್ಚರಾಗಬೇಕು.

ಚಿಕಿತ್ಸೆ ಇದೆ, ಫಲ ಕೊಡುತ್ತದೆ. ಅಮೆರಿಕದಲ್ಲಿ ಖಿನ್ನತೆಯಿದ್ದ 439 ಹದಿಹರೆಯದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫ್ಲೂಆಕ್ಸೆಟಿನ್ ಮಾತ್ರೆ ಮತ್ತು ಯೋಚನೆ ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇ. 71 ಮಂದಿ ಹನ್ನೆರಡು ವಾರಗಳಲ್ಲಿ ಚೆನ್ನಾಗಿ ಸುಧಾರಿಸಿದರು. ಮಾತ್ರೆ ಒಂದನ್ನೇ ಪಡೆದವರಲ್ಲಿ ಶೇ. 61, ಹುಸಿಮಾತ್ರೆ ಪಡೆದವರಲ್ಲಿ ಶೇ. 35. ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗಬಹುದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದೇ ವರ್ಷ ಕಡ್ಡಾಯ ಮಾಡಿತು. ಹಾಗೆಂದು ಮಾತ್ರೆಗೆ ಹೆದರಬೇಕಿಲ್ಲ. ಆ ವಾರಗಳಲ್ಲಿ ವೈದ್ಯರನ್ನು ಬೇಗಬೇಗ ಕಾಣಬೇಕು, ನಿಮ್ಮಷ್ಟಕ್ಕೆ ನೀವೇ ಪ್ರಮಾಣ ಹೆಚ್ಚು ಕಡಿಮೆ ಮಾಡಬಾರದು ಅಥವಾ ನಿಲ್ಲಿಸಬಾರದು, ಮಾತ್ರೆಯ ಡಬ್ಬಿ ನಿಮ್ಮ ಬಳಿ ಇರಬೇಕು. ವೈದ್ಯರ ಜೊತೆ ಕೂತು ಒಂದು ಸುರಕ್ಷತಾ ಯೋಜನೆ ಬರೆಸಿಕೊಳ್ಳಿ: ಆ ಯೋಚನೆ ಬರುವ ಮೊದಲು ಅವಳಿಗೆ ಯಾವ ಸುಳಿವು ಸಿಗುತ್ತದೆ, ಆಗ ತಾನೇ ಏನು ಮಾಡಬಹುದು, ಯಾರ ಬಳಿ ಹೋಗಿ ಕೂರಬಹುದು, ಯಾರಿಗೆ ಫೋನು ಮಾಡಬೇಕು. ಅದು ಅವಳದೇ ಮಾತುಗಳಲ್ಲಿ, ಅವಳದೇ ಕೈಬರಹದಲ್ಲಿದ್ದರೆ ಒಳ್ಳೆಯದು. "ಇನ್ನು ಮುಂದೆ ಹೀಗೆ ಮಾಡಿಕೊಳ್ಳುವುದಿಲ್ಲ" ಎಂದು ಬರೆಸಿಕೊಳ್ಳುವ ಮುಚ್ಚಳಿಕೆಗಳಿಂದ ಪ್ರಯೋಜನವಿಲ್ಲ.

ನಿದ್ದೆಯನ್ನು ಹಗುರವಾಗಿ ಎಣಿಸಬೇಡಿ. ನಿದ್ದೆಗೆಟ್ಟ ಮನಸ್ಸು ಎಲ್ಲವನ್ನೂ ಕಪ್ಪಾಗಿ ಕಾಣುತ್ತದೆ, ಒಂಟಿಯಾಗಿ ಎಚ್ಚರವಿರುವ ನಡುರಾತ್ರಿಯ ಗಂಟೆಗಳೇ ಅಪಾಯದ ಗಂಟೆಗಳು. ಫೋನು ಕಿತ್ತುಕೊಂಡು ಯುದ್ಧಕ್ಕೆ ನಿಲ್ಲುವ ಬದಲು, ಮನೆಯವರೆಲ್ಲರ ಫೋನೂ ರಾತ್ರಿ ಒಂದೇ ಕಡೆ ಇರಲಿ, ನಿಮ್ಮದೂ ಸೇರಿ. ಬೆಳಿಗ್ಗೆ ಏಳುವ ಹೊತ್ತನ್ನು ಮೊದಲು ಸರಿಮಾಡಿ, ಮಲಗುವ ಹೊತ್ತು ಮೆಲ್ಲನೆ ಹಿಂದೆ ಬರುತ್ತದೆ.

ಶಾಲೆಯಲ್ಲಿ ಅವಳಿಗೆ ಇಷ್ಟವಾದ ಒಬ್ಬ ಶಿಕ್ಷಕಿಯಾದರೂ ಇರುತ್ತಾರೆ. ಯಾರಿಗೆ ಹೇಳಬಹುದು, ಎಷ್ಟು ಹೇಳಬಹುದು ಎಂದು ಅವಳನ್ನೇ ಕೇಳಿ, ಆಮೇಲೆ ಅವರೊಡನೆ ಮಾತಾಡಿ. ಮೊದಲ ಸಲ ಮನೋವೈದ್ಯರ ಬಳಿ ಹೋಗುವಾಗ, ನೀವು ನನಗೆ ಬರೆದದ್ದನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಶಾಲೆ ಮುಚ್ಚಿದ ಕಾಲ, ಅಜ್ಜಿ ಹೋದದ್ದು, ಬದಲಾವಣೆ ಶುರುವಾದದ್ದು, ಮೊನ್ನೆಯ ಮಾತು, ಕುಟುಂಬದಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ ಅದೂ ಅದರಲ್ಲಿರಲಿ. ಅವಳ ಜೊತೆ ಒಂಟಿಯಾಗಿ ಮಾತಾಡಲು ವೈದ್ಯರಿಗೆ ಸಮಯ ಬಿಟ್ಟುಕೊಡಿ. ಆಮೇಲೆ ನಿಮ್ಮ ಬಗ್ಗೆಯೂ ಹೇಳಿಕೊಳ್ಳಿ. ತೀರಿಕೊಂಡದ್ದು ನಿಮ್ಮ ತಾಯಿಯೋ ಅತ್ತೆಯೋ ನೀವು ಬರೆದಿಲ್ಲ. ಯಾರೇ ಆಗಿರಲಿ, ಆ ದಿನಗಳಲ್ಲಿ ನಿಮಗೂ ಅಳಲು ಪುರಸೊತ್ತು ಸಿಕ್ಕಿರಲಾರದು.